ಮೂರು ಸಾಲಿನ ಚೀಟಿ: ಅಹಂಕಾರದ ಖರ್ಚಿಗೆ ನಾನು ಲೆಕ್ಕ ಇಟ್ಟ ಬಗೆ

ಬರೀ ಪ್ರತಿಷ್ಠೆಗಾಗಿ ನಾನು ಕಳೆಯುತ್ತಿದ್ದ ಹಣ ವರ್ಷದ ಆದಾಯದಲ್ಲಿ ಹೆಚ್ಚು ಕಡಿಮೆ ಹತ್ತನೆಯ ಒಂದು ಭಾಗ. ಈಗ ಅದು ನೂರಕ್ಕೆ ಮೂರೋ ನಾಲ್ಕೋ ಇರಬಹುದು. ಲೆಕ್ಕವನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮನಸ್ಸಿನ ವಿಷಯಕ್ಕೆ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ನಕ್ಕವರೇ ನನ್ನ ಸುತ್ತ ಹೆಚ್ಚು. ಅಕ್ಕನಂತೂ ಖಾರವಾಗಿಯೇ ಹೇಳಿದ್ದಳು: “ಪ್ರಶ್ನೆಪತ್ರಿಕೆ ನಿನ್ನದೇ, ಉತ್ತರ ಬರೆಯುವವನೂ ನೀನೇ, ಅಂಕ ಹಾಕುವವನೂ ನೀನೇ. ನೀನು ಫೇಲಾಗುವುದಾದರೂ ಹೇಗೆ?” ನನ್ನ ನಿರ್ಧಾರಗಳಲ್ಲಿ ಅಹಂಕಾರದ ಪಾಲೆಷ್ಟು ಎಂದು ಹಿಡಿಯಲು ಹಲವು ಪದ್ಧತಿಗಳನ್ನು ಮಾಡಿ ನೋಡಿದೆ, ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಒಂದೂ ಉಳಿಯಲಿಲ್ಲ.

ನಿರ್ಧಾರಗಳನ್ನು ಬರೆದಿಡುವ ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಿನಾಂಕ ಹಾಕಿ, ಕಾರಣ ಬರೆದು, ಏನಾಗಬಹುದೆಂದು ಊಹಿಸಿ, ಆಮೇಲೆ ತಾಳೆ ನೋಡುವುದು ನಿಮಗೆ ಗೊತ್ತೇ ಇದೆ. ಅಹಂಕಾರ ಎಂದರೇನು, ಅದರ ಮೂಲ ಯಾವುದು ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಅದನ್ನು ವಿವರಿಸುವವರಿಗೆ ಎಂದೂ ಕೊರತೆಯಾಗಿಲ್ಲ.

ಮೊದಲು ಕೆಟ್ಟದ್ದು ರಾತ್ರಿಯ ದಿನಚರಿ. ಬೀಗ ಹಾಕಿದ ಪುಸ್ತಕದಲ್ಲಿ ಬರೆದರೂ ಬರೆಯುವವನ ಎದುರು ಓದುಗನೊಬ್ಬ ಕುಳಿತೇ ಇರುತ್ತಾನೆ. ಕೆಲವು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದೆ. ಪಶ್ಚಾತ್ತಾಪದ ಪುಟಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು! ಸಹೋದ್ಯೋಗಿಯ ಮೇಲೆ ರೇಗಿದ್ದಕ್ಕೆ ಒಂದೂವರೆ ಪುಟ ಮರುಗಿದ್ದೆ, ಅವನ ಕ್ಷಮೆ ಕೇಳಿದ್ದೇನೆಯೇ ಎಂದು ಹುಡುಕಿದರೆ ಒಂದು ಸಾಲೂ ಇರಲಿಲ್ಲ. ತನ್ನ ದೋಷವನ್ನು ಸೊಗಸಾಗಿ ಒಪ್ಪಿಕೊಳ್ಳುವುದರಲ್ಲಿಯೂ ಅಹಂಕಾರಕ್ಕೆ ಹೊಟ್ಟೆ ತುಂಬುತ್ತದೆ.

ಎರಡನೆಯದು ಗೆಳೆಯರ ವಿಮರ್ಶೆ. ನನ್ನ ನಿರ್ಧಾರಗಳನ್ನು ನಿರ್ದಾಕ್ಷಿಣ್ಯವಾಗಿ ಟೀಕಿಸಿ ಎಂದು ನಾಲ್ಕೈದು ಜನರನ್ನು ಕೇಳಿಕೊಂಡೆ. ಆ ನಾಲ್ಕೈದು ಜನರನ್ನು ಆರಿಸಿದ್ದು ಯಾರು? ನಾನೇ. ಮೂವರು ಯಾರ ಮನಸ್ಸನ್ನೂ ನೋಯಿಸದವರು, ಒಬ್ಬ ಎಲ್ಲರನ್ನೂ ಬೈಯುವವನು. ಮೂವರ ಮಾತಿನಿಂದ ಖುಷಿಪಟ್ಟೆ, ನಾಲ್ಕನೆಯವನ ಮಾತನ್ನು “ಅವನ ಸ್ವಭಾವವೇ ಅಂಥದ್ದು” ಎಂದು ತಳ್ಳಿಹಾಕಿದೆ. ಮೊಬೈಲ್ ಆ್ಯಪ್ ಒಂದರಲ್ಲಿ ದಿನದ ನಿರ್ಧಾರಗಳಿಗೆ ನಕ್ಷತ್ರ ಕೊಡುವುದನ್ನೂ ಮಾಡಿ ನೋಡಿದೆ. ಅದಕ್ಕೆ ವರ್ಷದ ಚಂದಾ ಕಟ್ಟಿದ್ದಷ್ಟೇ ಲಾಭ. ನಕ್ಷತ್ರ ಮೂರಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಪ್ರಚಾರಕ್ಕೆ ತಂದ ಒಂದು ವಿಧಾನ ನಿಮಗೂ ಗೊತ್ತಿರಬಹುದು. ಯೋಜನೆ ಈಗಾಗಲೇ ಸೋತಿದೆ ಎಂದು ಭಾವಿಸಿಕೊಂಡು, ಏಕೆ ಸೋತಿತು ಎಂದು ಮೊದಲೇ ಬರೆಯುವುದು. ತಂಡದಲ್ಲಿ ಅದು ಬಹಳ ಚೆನ್ನಾಗಿ ನಡೆಯುತ್ತದೆ, ಕಚೇರಿಯಲ್ಲಿ ಈಗಲೂ ಬಳಸುತ್ತೇವೆ. ಒಬ್ಬನೇ ಕುಳಿತು ಮಾಡಿದಾಗ ಮಾತ್ರ ನಾನು ಕಲ್ಪಿಸಿಕೊಂಡ ಸೋಲುಗಳಿಗೆಲ್ಲ ಬೇರೆಯವರೇ ಕಾರಣರಾಗಿದ್ದರು. ಇನ್ನೂ ನಡೆಯದ ಘಟನೆಯಲ್ಲೂ ನೆಲವೇ ಡೊಂಕು!

ದಾರಿ ತೋರಿಸಿದ್ದು ಒಂದು ಹಳೆಯ ಪ್ರಯೋಗ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಭೇಟಿ ಕೊಡುವ ಮುನ್ನ, ಏನೇನು ನಡೆಯಬಹುದು, ಯಾವುದಕ್ಕೆ ಎಷ್ಟು ಸಂಭವ ಎಂದು ಬರೂಕ್ ಫಿಷ್‌ಹಾಫ್ ಮತ್ತು ರೂತ್ ಬೆಯ್ತ್ ವಿದ್ಯಾರ್ಥಿಗಳನ್ನು ಕೇಳಿದ್ದರು. ಭೇಟಿ ಮುಗಿದ ಮೇಲೆ, ನೀವು ಅಂದು ಎಷ್ಟು ಎಂದು ಹೇಳಿದ್ದಿರಿ, ನೆನಪಿಸಿಕೊಳ್ಳಿ ಎಂದರು. ನಡೆದದ್ದಕ್ಕೆ ತಾವು ಹೆಚ್ಚಿನ ಸಂಭವವನ್ನೇ ಕೊಟ್ಟಿದ್ದೆವು ಎಂದು ನೆನಪಿಸಿಕೊಂಡವರೇ ಬಹಳ. 1975ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿದಾಗ ನಾನು ಹುಡುಕುತ್ತಿದ್ದ ಜಾಗವೇ ತಪ್ಪು ಎನ್ನಿಸಿತು. ನಾನು ನಿರ್ಧಾರದ ಗಳಿಗೆಯಲ್ಲಿ ಅಹಂಕಾರವನ್ನು ಹುಡುಕುತ್ತಿದ್ದೆ. ಅದರ ಹೆಚ್ಚಿನ ಕೆಲಸ ನಡೆಯುವುದು ಆಮೇಲೆ, ಹಳೆಯ ಕಾರಣವನ್ನು ಸದ್ದಿಲ್ಲದೆ ತಿದ್ದುವಾಗ. ತಿದ್ದಿದ್ದು ಕಾಣಬೇಕಾದರೆ ತಿದ್ದುವ ಮೊದಲಿನ ಪ್ರತಿ ನನ್ನ ಕೈಯಲ್ಲಿ ಇರಬಾರದು.

ಹಾಗಾಗಿ ಚೀಟಿ. ಅಂಗೈಯಗಲದ ಕಾಗದ, ಅಳಿಸಲಾಗದ ಶಾಯಿ, ಮೂರೇ ಸಾಲು. ಒಂದನೆಯ ಸಾಲಿನಲ್ಲಿ ಏನು ಮಾಡುತ್ತಿದ್ದೇನೆ ಮತ್ತು ಏಕೆ. ಎರಡನೆಯದರಲ್ಲಿ ಯಾವಾಗ, ಯಾವ ಗುರುತು ಕಂಡರೆ ನನ್ನದು ತಪ್ಪೆಂದು ಒಪ್ಪುತ್ತೇನೆ ಎಂಬುದು. ಮೂರನೆಯದು ಒಂದೇ ಪ್ರಶ್ನೆಗೆ ಉತ್ತರ: ಇದು ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ ಎಂದಾದರೂ ಇದನ್ನೇ ಮಾಡುತ್ತೇನೆಯೇ? ಹೌದು ಅಥವಾ ಇಲ್ಲ, ವಿವರಣೆಗೆ ಜಾಗವಿಲ್ಲ. ಮಡಚಿ ಅಕ್ಕನ ಕೈಗೆ. ಗಡುವು ಬಂದಾಗ, ಚೀಟಿ ತೆರೆಯುವ ಮುನ್ನ, ಅದರಲ್ಲಿ ಏನಿದೆ ಎಂದು ನಾನು ಹೊಸ ಕಾಗದದಲ್ಲಿ ನೆನಪಿನಿಂದ ಬರೆದುಕೊಡಬೇಕು. ಎರಡನ್ನೂ ಅಕ್ಕ ಪಕ್ಕಪಕ್ಕದಲ್ಲಿಟ್ಟು ಗುರುತು ಹಾಕುತ್ತಾಳೆ: ಹಾಗೆಯೇ ಇದೆ, ಮೆತ್ತಗಾಗಿದೆ, ತಿರುವಾಗಿದೆ. ಪ್ರಶ್ನೆ ಎತ್ತಿದವಳನ್ನೇ ಮೌಲ್ಯಮಾಪಕಿಯನ್ನಾಗಿ ಮಾಡಿದೆ ಎಂದು ಇಲ್ಲಿ ಸ್ವಲ್ಪ ಬೀಗಿಕೊಳ್ಳುತ್ತೇನೆ, ಕ್ಷಮಿಸಿ.

ಮೊದಲ ಕಂತಿನ ಫಲಿತಾಂಶ ಕಂಡು ಅಕ್ಕ ಬಿದ್ದು ಬಿದ್ದು ನಕ್ಕಳು. ಹತ್ತರಲ್ಲಿ ನಾಲ್ಕು ಹಾಗೆಯೇ ಇದ್ದವು, ಉಳಿದವುಗಳಲ್ಲಿ ಅರ್ಧ ಮೆತ್ತಗಾಗಿದ್ದವು, ಅರ್ಧ ಪೂರ್ತಿ ತಿರುವಾಗಿದ್ದವು. ಷೇರಿನ ಚೀಟಿ ಒಳ್ಳೆಯ ಉದಾಹರಣೆ. ಒಂದು ಕಂಪನಿಯ ಷೇರು ಕೊಂಡಿದ್ದೆ, ಬೆಲೆ ಬಿದ್ದಿತ್ತು, ಆದರೂ ಇಟ್ಟುಕೊಂಡಿದ್ದೆ. “ದೀರ್ಘಾವಧಿಗೆಂದು ಕೊಂಡದ್ದು” ಎಂದು ನೆನಪಿನಿಂದ ಬರೆದೆ, ಒಂದಿಷ್ಟೂ ಅನುಮಾನವಿಲ್ಲದೆ. ಚೀಟಿಯಲ್ಲಿ ಇದ್ದದ್ದು “ಮೂರು ತಿಂಗಳಲ್ಲಿ ಏರುತ್ತದೆ, ಏರದಿದ್ದರೆ ಮಾರುತ್ತೇನೆ.” ದೀರ್ಘಾವಧಿ ಎಂಬುದು ಬೆಲೆ ಇಳಿದ ಮೇಲೆ ಹುಟ್ಟಿದ ಕೂಸು. ಅಂದೇ ಮಾರಿದೆ. ಹೋದದ್ದು ಸುಮಾರು ಒಂದು ತಿಂಗಳ ಸಂಬಳ. ಇಟ್ಟುಕೊಂಡಿದ್ದರೆ ಎರಡು ತಿಂಗಳದ್ದು ಹೋಗುತ್ತಿತ್ತು, ಅದನ್ನು ಆಮೇಲೆ ನೋಡಿ ಖಚಿತಪಡಿಸಿಕೊಂಡೆ.

ಹಣ ಕಟ್ಟಿದ್ದ ತರಬೇತಿಯ ಚೀಟಿಯೂ ಹೀಗೆಯೇ. ಎರಡು ತಿಂಗಳಲ್ಲಿ ಕೆಲಸಕ್ಕೆ ಬಾರದಿದ್ದರೆ ಬಿಡುತ್ತೇನೆ ಎಂದು ಬರೆದಿದ್ದವನು, ಗಡುವು ಮುಗಿದ ಮೇಲೆ ಎರಡನೆಯ ಕಂತನ್ನೂ ಕಟ್ಟಿದ್ದೆ. ಕಟ್ಟಿದ ಹಣ ಕಾಲಿಗೆ ಸುತ್ತಿಕೊಳ್ಳುವುದು ಹೊಸ ವಿಷಯವಲ್ಲ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಟಕಗಳ ಋತುವಿನ ಟಿಕೆಟಿಗೆ ಪೂರ್ಣ ಹಣ ಕೊಟ್ಟವರು ರಿಯಾಯಿತಿಯಲ್ಲಿ ಪಡೆದವರಿಗಿಂತ ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋಗಿದ್ದರು. ಆದರೆ ನನ್ನ ಚೀಟಿಯ ಮೂರನೆಯ ಸಾಲು ಇನ್ನೊಂದನ್ನು ಹೇಳುತ್ತಿತ್ತು. ಅಲ್ಲಿ “ಇಲ್ಲ” ಎಂದಿತ್ತು. ತರಬೇತಿಗೆ ಸೇರಿದ್ದೇನೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು, ಅದೇ ನಿಜವಾದ ಕಂತು.

ಹತ್ತನೆಯ ಒಂದು ಭಾಗ ಎಂಬ ಲೆಕ್ಕ ಬಂದದ್ದು ಹೀಗೆ. ಮೂರನೆಯ ಸಾಲಿನಲ್ಲಿ “ಇಲ್ಲ” ಎಂದು ಬರೆದೂ ಖರ್ಚು ಮಾಡಿದ ಚೀಟಿಗಳನ್ನು ಬೇರೆ ತೆಗೆದೆ. ಪೂರ್ತಿ ಬೆಲೆಯನ್ನು ಹಿಡಿಯಲಿಲ್ಲ. ಯಾರೂ ನೋಡದಿದ್ದರೆ ಆರಿಸುತ್ತಿದ್ದದ್ದಕ್ಕೂ ನಿಜವಾಗಿ ಆರಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕೂಡಿದೆ. ಬೇಡದ ಸಾಮರ್ಥ್ಯದ ಕಂಪ್ಯೂಟರ್, ಎಲ್ಲರ ಬಿಲ್ಲನ್ನೂ ನಾನೇ ಕೊಡುತ್ತೇನೆಂಬ ಹಟ, ರಿಪೇರಿಯವನು ಹೇಳಿದ್ದಕ್ಕೆ ತಲೆಯಾಡಿಸಿ ಆಮೇಲೆ ಎರಡು ಸಲ ಹಣ ಕೊಟ್ಟದ್ದು, ಎಲ್ಲವೂ ಅಲ್ಲಿ ಸಾಲಾಗಿ ನಿಂತಿದ್ದವು. ದೊಡ್ಡ ಮೊತ್ತಗಳು ಎರಡೋ ಮೂರೋ. ಕಿತ್ತು ತಿಂದದ್ದು ಚಿಲ್ಲರೆ.

ಹಣದ ಲೆಕ್ಕಕ್ಕೆ ಸಿಗದ ಸೋರಿಕೆ ಒಂದಿದೆ: ಕೇಳದೆ ಇರುವುದು. ತಂಡದ ಕಿರಿಯನೊಬ್ಬ ಹತ್ತು ನಿಮಿಷದಲ್ಲಿ ತೋರಿಸಬಹುದಾಗಿದ್ದ ಕೆಲಸಕ್ಕೆ ನಾನು ವಾರಗಟ್ಟಲೆ ತಲೆ ಚಚ್ಚಿಕೊಂಡಿದ್ದೇನೆ. ಚೀಟಿಯಲ್ಲಿ “ಸ್ವಂತವಾಗಿ ಕಲಿಯಬೇಕು” ಎಂದು ಬರೆದಿರುತ್ತಿದ್ದೆ. ಅಕ್ಕ ಕೇಳಿದಳು, “ಅವನು ನಿನಗಿಂತ ಹತ್ತು ವರ್ಷ ದೊಡ್ಡವನಾಗಿದ್ದರೂ ಸ್ವಂತವಾಗಿಯೇ ಕಲಿಯುತ್ತಿದ್ದೆಯಾ?” ಅಂದಿನಿಂದ ಅದೂ ಒಂದು ಪರೀಕ್ಷೆಯಾಗಿದೆ: ಎದುರಿನವರ ವಯಸ್ಸನ್ನೋ ಹುದ್ದೆಯನ್ನೋ ಮನಸ್ಸಿನಲ್ಲೇ ಬದಲಿಸಿ, ನಿರ್ಧಾರವೂ ಬದಲಾಗುತ್ತದೆಯೇ ಎಂದು ನೋಡುವುದು.

ಚೀಟಿಗಳ ರಾಶಿ ದೊಡ್ಡದಾದ ಮೇಲೆ ಕಣ್ಣಿಗೆ ಬಿದ್ದದ್ದು ಕಾರಣಗಳ ಎಣಿಕೆ. ಈ ಪದ್ಧತಿಯಲ್ಲಿ ನನ್ನದೇ ಎನ್ನಬಹುದಾದ ಸಂಶೋಧನೆ ಇದ್ದರೆ ಇದು. ಸರಿಯಾಗಿ ನಿಂತ ನಿರ್ಧಾರಗಳಿಗೆ ಒಂದು ಕಾರಣ ಇರುತ್ತಿತ್ತು, ಅಪರೂಪಕ್ಕೆ ಎರಡು. ಮೂರನೆಯ ಸಾಲು “ಇಲ್ಲ” ಆಗಿದ್ದಲ್ಲಿ ಮೊದಲ ಸಾಲಿನಲ್ಲಿ ನಾಲ್ಕು ಕಾರಣಗಳನ್ನು ಇರುಕಿ ಬರೆದಿರುತ್ತಿದ್ದೆ, ಅಕ್ಷರವೂ ಸಣ್ಣದಾಗಿರುತ್ತಿತ್ತು. ಒಂದು ಕಾಲಿನ ಮೇಲೆ ನಿಲ್ಲಲಾರದ್ದಕ್ಕೆ ನಾಲ್ಕು ಊರುಗೋಲು. ಈಗ ಮೂರನೆಯ ಕಾರಣ ಬರೆಯಲು ಕೈ ಹೋದರೆ ಅಲ್ಲಿಗೇ ನಿಲ್ಲಿಸಿ, ಚೀಟಿ ಹರಿದು, ಮರುದಿನ ಬರೆಯುತ್ತೇನೆ. ಅರ್ಧಕ್ಕರ್ಧ ಖರೀದಿಗಳು ಮರುದಿನದವರೆಗೆ ಬದುಕುವುದಿಲ್ಲ.

ನನಗೆ ಒಪ್ಪದ ಸಂಗತಿಯನ್ನು ತಕ್ಷಣ ಬರೆದುಕೊಳ್ಳುವುದನ್ನು ಚಾರ್ಲ್ಸ್ ಡಾರ್ವಿನ್‌ನಿಂದ ಎತ್ತಿಕೊಂಡೆ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಂಡರೆ ಅವನು ಕೂಡಲೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಅಂಥವು ಅನುಕೂಲದ ಸಂಗತಿಗಳಿಗಿಂತ ಬೇಗ ಮರೆತುಹೋಗುತ್ತವೆ ಎಂಬುದು ಅವನ ಅನುಭವವಾಗಿತ್ತು. ಅರ್ಧ ಗಂಟೆ ತಡವಾದರೂ ನನ್ನಲ್ಲಿ ಅವು ಮೆತ್ತಗಾಗಿಬಿಡುತ್ತವೆ.

ನಡುವೆ ಎರಡು ಪಕ್ಕದ ಪ್ರಯೋಗಗಳು. 2005ರಲ್ಲಿ ಪೆಟ್ಟರ್ ಜೋಹಾನ್ಸನ್, ಲಾರ್ಸ್ ಹಾಲ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಒಂದಿದೆ. ಎರಡು ಭಾವಚಿತ್ರಗಳಲ್ಲಿ ಒಂದನ್ನು ಆರಿಸಲು ಹೇಳಿ, ಕೈಚಳಕದಿಂದ ಇನ್ನೊಂದನ್ನು ಕೊಟ್ಟರು. ಬಹುಪಾಲು ಸಲ ಬದಲಾದದ್ದು ಗೊತ್ತಾಗಲಿಲ್ಲ, ತಾವು ಆರಿಸದ ಚಿತ್ರ ಏಕೆ ಇಷ್ಟವಾಯಿತು ಎಂದು ಜನ ವಿವರಿಸಿದರು. ನನ್ನ ಮೇಲೆ ಇದನ್ನು ಮಾಡು ಎಂದು ಅಕ್ಕನಿಗೆ ಹೇಳಿದೆ. ಕೈಬರಹ ಗುರುತು ಸಿಗುತ್ತದೆಂದು ಒಂದು ತಿಂಗಳು ಚೀಟಿಗಳನ್ನು ಟೈಪ್ ಮಾಡಿ ಕೊಟ್ಟೆ. ಅವಳು ಕೆಲವನ್ನು ಬದಲಿಸಿ, ಬೇರೆ ಕಾರಣ ಹಾಕಿದಳು. ಮೋಸ ನಡೆಯುತ್ತದೆಂದು ಗೊತ್ತಿದ್ದೂ, ಅವಳೇ ಕಲ್ಪಿಸಿ ಬರೆದ ಕಾರಣವೊಂದನ್ನು ನಾನು ಕಾಲು ಗಂಟೆ ಸಮರ್ಥಿಸಿಕೊಂಡೆ, ಉದಾಹರಣೆಗಳ ಸಮೇತ! ಅಸಲಿ ಚೀಟಿಯನ್ನೇ ನಕಲಿ ಎಂದು ತಿರಸ್ಕರಿಸಿದ್ದೂ ಉಂಟು. ಆ ತಿಂಗಳ ನಂತರ ಟೈಪ್ ನಿಲ್ಲಿಸಿ ಮತ್ತೆ ಶಾಯಿಗೆ ಬಂದೆ.

ಇನ್ನೊಂದು ಕಚೇರಿಯದ್ದು. ಒಂದು ಕೆಲಸ ಮುಗಿದ ಮೇಲೆ, ಇದರಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು ಎಂದು ನಾಲ್ವರೂ ಗುಟ್ಟಾಗಿ ಬರೆದೆವು. ಒಟ್ಟು ನೂರಾಗಬೇಕಿತ್ತು. ನೂರ ಅರವತ್ತೋ ಎಪ್ಪತ್ತೋ ಆಯಿತು. ಗಂಡ ಹೆಂಡತಿಯರಲ್ಲಿ ಮನೆಗೆಲಸದ ಪಾಲಿನ ಬಗ್ಗೆ ಹೀಗೆಯೇ ಆಗುತ್ತದೆಂದು ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲೇ ತೋರಿಸಿದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಅತಿ ದೊಡ್ಡ ಪಾಲು ಬರೆದುಕೊಂಡವನು, ಚೀಟಿ ಪದ್ಧತಿಯನ್ನು ಎಲ್ಲರ ಮುಂದೆ ಹಾಸ್ಯ ಮಾಡಿದ್ದವನು. ಹೆಸರು ಯಾರೂ ಹೇಳಲಿಲ್ಲ, ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು. ಮುಂದಿನ ತಿಂಗಳು ಅವನೇ ಬಂದು, ಚೀಟಿಗೆ ಯಾವ ಕಾಗದ ಬಳಸುತ್ತೀರಿ ಎಂದು ಕೇಳಿದ.

ಈಗ ಹತ್ತರಲ್ಲಿ ಏಳು ಚೀಟಿಗಳು ಹಾಗೆಯೇ ಉಳಿಯುತ್ತವೆ. ನೆನಪು ಚುರುಕಾಗಿರಲಾರದು. ತಾಳೆ ನೋಡುವವರು ಇದ್ದಾರೆಂದು ಗೊತ್ತಿರುವುದರಿಂದ ಕಥೆ ಕಟ್ಟಲು ಧೈರ್ಯ ಕಡಿಮೆಯಾಗಿದೆ, ಅಷ್ಟೇ. ನನಗೆ ಅಷ್ಟು ಸಾಕು. ಗಡುವು ಮುಗಿದ ಚೀಟಿಗಳಲ್ಲಿ ಯಾವುದನ್ನು ಯಾವ ದಿನ ತೆರೆಯಬೇಕೆಂದು ಅಕ್ಕ ಹೇಗೆ ಆರಿಸುತ್ತಾಳೆ ಎಂಬುದರಲ್ಲಿ ಒಂದು ಕೀಲಿಯಿದೆ. ಅದನ್ನು ಬರೆಯುವುದಿಲ್ಲ. ನಾನೇ ಪೂರ್ತಿ ತಿಳಿದುಕೊಳ್ಳದಂತೆ ನೋಡಿಕೊಂಡಿದ್ದೇವೆ. ಎರಡನೆಯ ಸಾಲಿನ ಗುರುತನ್ನು ಎಷ್ಟು ಬಿಗಿಯಾಗಿ ಬರೆಯಬೇಕು ಎಂಬುದನ್ನು ನೀವೇ ಮಾಡಿ ಕಂಡುಕೊಳ್ಳಿ, ನನಗೆ ಅದಕ್ಕೆ ವರ್ಷ ಹಿಡಿಯಿತು. ಒಂದು ಎಚ್ಚರಿಕೆ ಮಾತ್ರ: ಚೀಟಿಯನ್ನು ಮುಲಾಜಿನ ಗೆಳೆಯರ ಕೈಗೆ ಕೊಡಬೇಡಿ. ನಿಮ್ಮನ್ನು ಚಿಕ್ಕಂದಿನಿಂದ ಕಂಡವರು, ನಿಮ್ಮಿಂದ ಏನೂ ಆಗಬೇಕಿಲ್ಲದವರು ಬೇಕು.

ಮಾತಿನ ಜಗಳಗಳಲ್ಲಿ ಚೀಟಿ ಸೋತಿದೆ. ಅಲ್ಲಿ ಬರೆಯುವಷ್ಟು ವ್ಯವಧಾನ ಎಲ್ಲಿ? ಸದ್ಯ ಬೇರೊಂದನ್ನು ಪರೀಕ್ಷಿಸುತ್ತಿದ್ದೇನೆ. ವಾದ ಮುಗಿದ ಗಂಟೆಯೊಳಗೆ ಎದುರಿನವರ ವಾದವನ್ನು ಅವರ ಪರವಾಗಿ ನಾನೇ ಬರೆದು, ಅವರಿಗೇ ಕಳುಹಿಸಿ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವುದು. ಕಳುಹಿಸುವ ಮುನ್ನ ನನ್ನ ಅಂದಾಜನ್ನೂ ಬರೆದಿಡುತ್ತೇನೆ. ನನ್ನ ಅಂದಾಜು ಸಾಮಾನ್ಯವಾಗಿ ಎಂಟು. ಅವರಿಂದ ಬರುವುದು ಮೂರು, ಬಹಳವೆಂದರೆ ನಾಲ್ಕು. ಅಕ್ಕ ಒಮ್ಮೆ ಎರಡು ಕೊಟ್ಟು, ಕೈಬರಹಕ್ಕೆ ಅರ್ಧ ಅಂಕ ಸೇರಿಸಿದಳು. ಸರಾಸರಿ ಐದು ದಾಟಿದರೆ ಅದರ ವಿವರ ಬರೆಯುತ್ತೇನೆ.