ಹೊಸ ಒಡಂಬಡಿಕೆಯನ್ನು ನಂಬಬಹುದಾ? ನಾನು ಪರಿಶೀಲಿಸಿದ ಬಗೆ

ಸಭೆಯಲ್ಲಿ ಯೌವನಸ್ಥರಿಗೆ ಸತ್ಯವೇದ ಪಾಠ ಮಾಡುವವರು ಯಾರೇ ಆಗಲಿ, ಈ ಪ್ರಶ್ನೆ ಅವರಿಗೆ ಎದುರಾಗೇ ಆಗುತ್ತದೆ: "ಅಣ್ಣಾ, ಇದನ್ನೆಲ್ಲ ಆಮೇಲೆ ಯಾರೋ ತಿದ್ದಿ ಬರೆದಿದ್ದಂತೆ, ನಿಜಾನಾ?" ನನಗೂ ಎದುರಾಯಿತು. "ನಂಬಿಕೆ ಇಡಪ್ಪಾ" ಅಂತ ಸುಮ್ನೆ ಹೇಳಿ ಕಳಿಸಲು ಮನಸ್ಸು ಬರಲಿಲ್ಲ. ಹಳೆಯ ಹಸ್ತಪ್ರತಿಗಳನ್ನೇ ನೋಡೋಣ ಅಂತ ಕೂತೆ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡೆ. ಹೊಸ ಒಡಂಬಡಿಕೆಯ ಲೇಖಕರು ಬರೆದದ್ದು ನಮ್ಮವರೆಗೆ ಹಾಗೇ ತಲುಪಿದೆಯಾ? ಅವರು ಬರೆದದ್ದು ನಿಜವಾ? ಇವೆರಡನ್ನೂ ಕಲಸಿಬಿಟ್ಟರೆ ವಾದ ಮುಗಿಯುವುದೇ ಇಲ್ಲ.

ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಆದರೂ ಮೊದಲನೆಯದಕ್ಕೆ ಗ್ರೀಕ್ ಪಂಡಿತರಾಗಬೇಕಿಲ್ಲ, 24 ಅಕ್ಷರ ಗೊತ್ತಿದ್ದರೆ ಕೆಲಸ ಶುರುವಾಗುತ್ತದೆ. ಸಿನಾಯ್ ಬೆಟ್ಟದ ಬುಡದ ಸಂತ ಕ್ಯಾಥರೀನ್ ಮಠದಲ್ಲಿದ್ದ ನಾಲ್ಕನೇ ಶತಮಾನದ ಗ್ರೀಕ್ ಸತ್ಯವೇದದ ಹಸ್ತಪ್ರತಿ, ಕೋಡೆಕ್ಸ್ ಸಿನೈಟಿಕಸ್, 2009ರಿಂದ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ಅದರ ಹೆಚ್ಚಿನ ಹಾಳೆಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪುಟಕ್ಕೆ ನಾಲ್ಕು ಅಂಕಣ, ಎಲ್ಲವೂ ದೊಡ್ಡಕ್ಷರ, ಪದಗಳ ನಡುವೆ ಜಾಗವೇ ಇಲ್ಲ. ದೇವರು, ಯೇಸು ಎಂಬ ಪದಗಳನ್ನು ಎರಡೇ ಅಕ್ಷರಕ್ಕೆ ಇಳಿಸಿ ಮೇಲೊಂದು ಗೆರೆ ಎಳೆದಿರುತ್ತಾರೆ. ಆ ಗೆರೆ ಹಿಡಿದು ಹೋದರೆ ಹೊಸಬರಿಗೂ ದಾರಿ ಸಿಗುತ್ತದೆ.

ನಾನು ನೇರವಾಗಿ ತಕರಾರಿರುವ ಜಾಗಕ್ಕೇ ಹೋದೆ. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ. ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋಗುತ್ತಾರೆ, ಹೆದರಿಕೊಂಡು ಯಾರಿಗೂ ಏನೂ ಹೇಳುವುದಿಲ್ಲ. 8ನೇ ವಚನ ಅಲ್ಲಿಗೆ ಮುಗಿಯಿತು, ಸುವಾರ್ತೆಯೂ ಅಲ್ಲೇ ಮುಗಿಯಿತು! ಅಂಕಣದ ಉಳಿದ ಭಾಗ ಖಾಲಿ, ಮುಂದಿನ ಅಂಕಣದಲ್ಲಿ ಲೂಕನ ಸುವಾರ್ತೆ ಶುರು. ವ್ಯಾಟಿಕನ್‌ನಲ್ಲಿರುವ ಅದೇ ಶತಮಾನದ ಇನ್ನೊಂದು ಪ್ರತಿಯಲ್ಲೂ, ನಮ್ಮ ಸತ್ಯವೇದದಲ್ಲಿ ಮುಂದೆ ಬರುವ 9ರಿಂದ 20ರವರೆಗಿನ ವಚನಗಳಿಲ್ಲ. ಹಾಗಂತ ಆ ವಚನಗಳು ತೀರಾ ಈಚಿನವೂ ಅಲ್ಲ, ಸುಮಾರು ಕ್ರಿಸ್ತಶಕ 180ರಲ್ಲೇ ಐರೇನಿಯಸ್ ಎಂಬ ಬಿಷಪ್ ಅದರಲ್ಲೊಂದನ್ನು ಮಾರ್ಕನ ಮಾತೆಂದೇ ಉದ್ಧರಿಸುತ್ತಾನೆ. ಯೋಹಾನ 8ರಲ್ಲಿ ಬರುವ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯೂ ಈ ಎರಡು ಪ್ರತಿಗಳಲ್ಲಿ ಇಲ್ಲ.

ಇದನ್ನು ಕೇಳಿ ಹೆದರುವವರಿದ್ದಾರೆ. ನನಗೆ ಆದದ್ದು ಉಲ್ಟಾ. ಯಾರೋ ಒಬ್ಬರು ಅಧಿಕಾರದಲ್ಲಿ ಕೂತು ಎಲ್ಲ ಪ್ರತಿಗಳನ್ನೂ ತಿದ್ದಿಸಿದ್ದರೆ ಈ ವ್ಯತ್ಯಾಸ ನಮಗೆ ಕಾಣುತ್ತಲೇ ಇರಲಿಲ್ಲ ಅಲ್ವಾ? ಈಜಿಪ್ಟಿನಲ್ಲೊಬ್ಬ, ಸಿರಿಯಾದಲ್ಲೊಬ್ಬ, ರೋಮಿನಲ್ಲೊಬ್ಬ ತಮ್ಮ ಪಾಡಿಗೆ ನಕಲು ಮಾಡುತ್ತಾ ಹೋದದ್ದರಿಂದಲೇ ಒಂದು ಕಡೆ ಸೇರಿಸಿದ್ದು ಇನ್ನೊಂದು ಕಡೆಯ ಪ್ರತಿ ಇಟ್ಟು ನೋಡಿದರೆ ಸಿಕ್ಕಿಬೀಳುತ್ತದೆ. ಹಳಗನ್ನಡ ಕಾವ್ಯಗಳ ಓಲೆಗರಿ ಪ್ರತಿಗಳನ್ನು ಹೋಲಿಸಿ ಪಾಠಾಂತರ ಕೊಡುತ್ತಾರಲ್ಲ, ಅದೇ ಕೆಲಸ. ಸಿನೈಟಿಕಸ್‌ನಲ್ಲಿ ಪುಟಕ್ಕೆ ಸರಾಸರಿ 30ರಷ್ಟು ತಿದ್ದುಪಡಿ ಇವೆ. ನಾನು ಬಿಡಿಸಿ ನೋಡಿದವುಗಳಲ್ಲಿ ಹೆಚ್ಚಿನವು ಕಾಗುಣಿತ, ಬಿಟ್ಟುಹೋದ ಪದ, ಅಂಥವೇ. ಯೇಸು ಯಾರು, ಏನು ಕಲಿಸಿದ ಎಂಬುದು ಅವುಗಳಿಂದ ಬದಲಾಗುವುದಿಲ್ಲ.

ಎರಡನೇ ಪ್ರಶ್ನೆ ಜಾಸ್ತಿ ಕಷ್ಟ. ಇಲ್ಲಿ ಹೊರಗಿನ ಸಾಕ್ಷಿ ಹುಡುಕಿದೆ. ಲೂಕನೇ ಬರೆದ ಅಪೊಸ್ತಲರ ಕೃತ್ಯಗಳು 18ರಲ್ಲಿ, ಕೊರಿಂಥದಲ್ಲಿ ಅಪೊಸ್ತಲ ಪೌಲನನ್ನು ಗಲ್ಲಿಯೋನ ಎಂಬ ಅಧಿಪತಿಯ ಮುಂದೆ ತರುತ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಕಲ್ಲುಬರಹದಲ್ಲಿ ಅವನ ಹೆಸರಿದೆ, ಅದರಿಂದ ಪೌಲ ಕೊರಿಂಥದಲ್ಲಿದ್ದದ್ದು ಸುಮಾರು ಕ್ರಿಸ್ತಶಕ 51ರಲ್ಲಿ ಎಂದು ಲೆಕ್ಕ ಸಿಗುತ್ತದೆ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಪತಿ ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಥೆಸಲೋನಿಕದ ಊರಿನ ಅಧಿಕಾರಿಗಳನ್ನು ಲೂಕ 'ಪೊಲಿಟಾರ್ಖ್' ಅನ್ನುತ್ತಾನೆ, ಅದೇ ಪದವಿ ಆ ಊರಿನ ಕಲ್ಲುಗಳಲ್ಲೂ ಇದೆ. ಅಲ್ಲಿ ಓಡಾಡಿದವರಿಂದ ತಿಳಿದು ಬರೆದಂತೆ ಕಾಣುತ್ತದೆ.

ಆದರೆ ಅದೇ ಲೂಕನ ಸುವಾರ್ತೆಯ 2ನೇ ಅಧ್ಯಾಯದ ಜನಗಣತಿ ನನಗೆ ಹೊಂದಿಲ್ಲ. ಸಿರಿಯಾದ ಅಧಿಪತಿ ಕುರೇನ್ಯನ ಕಾಲದ ಜನಗಣತಿಯ ಹೊತ್ತಿಗೆ ಯೇಸು ಹುಟ್ಟಿದ ಅನ್ನುತ್ತದೆ ಅದು. ಯೇಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ, ಹೆರೋದ ಸತ್ತದ್ದು ಕ್ರಿಸ್ತಪೂರ್ವ 4ರ ಸುಮಾರಿಗೆ. ಕುರೇನ್ಯನ ಜನಗಣತಿಯನ್ನು ಇತಿಹಾಸಕಾರ ಜೋಸೆಫಸ್ ಇಡುವುದು ಕ್ರಿಸ್ತಶಕ 6ರಲ್ಲಿ. ಸಮಾಧಾನ ಹೇಳುವವರು ಬಹಳ ಜನ ಇದ್ದಾರೆ, ಅವರ ವಿವರಣೆಗಳನ್ನು ಓದಿದೆ, ಯಾವುದೂ ನನಗೆ ಒಪ್ಪಿಗೆ ಆಗಲಿಲ್ಲ. ಹುಡುಗರಿಗೂ ಹಾಗೇ ಹೇಳುತ್ತೇನೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ, ಯೇಸು ಸತ್ತು ಎದ್ದ ಎಂದು ಹೇಳುವ ಭಾಗ. ಶಿಲುಬೆಯ ಘಟನೆ ಆಗಿ ಸುಮಾರು 25 ವರ್ಷದೊಳಗಿನ ಬರಹ ಅದು. ತಾನು ಬೇರೆಯವರಿಂದ ಪಡೆದದ್ದನ್ನೇ ಹೇಳುತ್ತಿದ್ದೇನೆ ಅನ್ನುತ್ತಾನೆ ಪೌಲ, ಎದ್ದ ಯೇಸುವನ್ನು ಒಟ್ಟಿಗೆ ನೋಡಿದವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ ಪ್ರಕಾರ ಯೇಸುವಿನ ಶಿಷ್ಯ ಪೇತ್ರನ ಜೊತೆ 15 ದಿನ ಇದ್ದವನು ಪೌಲ. ಶಿಷ್ಯರು ಮೊದಲಿನಿಂದಲೂ ಇದನ್ನೇ ಸಾರಿದರು ಎಂಬಲ್ಲಿಯವರೆಗೆ ಇತಿಹಾಸ ನಮ್ಮನ್ನು ಕರೆದೊಯ್ಯುತ್ತದೆ. ಯೇಸು ಎದ್ದದ್ದು ಹೌದೋ ಎಂಬುದನ್ನು ಯಾವ ಹಸ್ತಪ್ರತಿಯೂ ತೀರ್ಮಾನಿಸಲಾರದು. ನಾನು ಹೌದೆಂದು ನಂಬುತ್ತೇನೆ, ಅದು ನನ್ನ ವಿಶ್ವಾಸ.

ಈಗ ಪಾಠದಲ್ಲಿ ಮಾರ್ಕ 16 ಬಂದಾಗ ಆ ಖಾಲಿ ಅಂಕಣದ ಚಿತ್ರವನ್ನೇ ಮೊಬೈಲ್‌ನಲ್ಲಿ ತೋರಿಸುತ್ತೇನೆ. ನೀವೂ ಶುರು ಮಾಡುವುದಾದರೆ ಅಲ್ಲಿಂದಲೇ ಮಾಡಿ. ಆಮೇಲೆ ಯೋಹಾನ 5ರ 4ನೇ ವಚನ, ದೇವದೂತ ಕೊಳದ ನೀರನ್ನು ಕಲಕುವ ಮಾತು, ಸಿನೈಟಿಕಸ್‌ನಲ್ಲಿ ಇದೆಯಾ ಅಂತ ಹುಡುಕಿ.