'ಬೆಟ್ಟ ನಿಮ್ಮದಾಗಲ್ಲ' ಅಂತ ಮೊದಲ ಸಾಲಲ್ಲೇ ಬರೆದೆ, ತೋಟ ಮಾರಾಟವಾಯಿತು

ಶಿರಸಿಯಲ್ಲಿ ನಮ್ಮ ತೋಟ-ಜಮೀನು ಬ್ರೋಕರ್ ಬಳಗ ಸಂಜೆ ಸೇರುವ ಒಂದು ಚಹಾದಂಗಡಿ ಇದೆ. ಎರಡು ವರ್ಷ ಅಲ್ಲಿ ನನ್ನ ಹೆಸರು 'ವಾಟ್ಸಾಪ್ ದಲಾಲಿ'. ನಾನು ಬಂದರೆ ಸಾಕು, 'ಇವತ್ತು ಎಷ್ಟು ಲೈಕ್ ಮಾರಿದೆ?' ಅಂತ ಕೇಳುತ್ತಿದ್ದರು. ಕಳೆದ ಒಂದೂವರೆ ವರ್ಷದಲ್ಲಿ ಹನ್ನೊಂದು ವ್ಯವಹಾರ ಮುಗಿಸಿದ್ದೇನೆ. ಅದರಲ್ಲಿ ಏಳು ನನ್ನ ಒಂದೇ ವಾಟ್ಸಾಪ್ ಗುಂಪಿನಿಂದ ಬಂದವು. ಗುಂಪಿನಲ್ಲಿ ಇರುವವರು ಇನ್ನೂರಹತ್ತೋ ಇನ್ನೂರಿಪ್ಪತ್ತೋ ಜನ, ಅಷ್ಟೇ. ಈಗ ಅದೇ ಬಳಗದವರು ಮೊಬೈಲ್ ಕೈಗೆ ಕೊಟ್ಟು, 'ನಮಗೂ ಒಂದು ಮಾಡಿಕೊಡೋ' ಅನ್ನುತ್ತಾರೆ. ಚಹಾ ಬಿಲ್ಲೂ ಅವರದೇ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ. ಒಂದು ಪ್ರಾಪರ್ಟಿ ಪೋರ್ಟಲ್‌ಗೆ ಆರು ತಿಂಗಳ ಪ್ಯಾಕೇಜ್ ಅಂತ ಮೂವತ್ತು ಸಾವಿರದ ಹತ್ತಿರ ಕಟ್ಟಿದೆ. ನೂರೈವತ್ತು ಫೋನ್ ಬಂದಿರಬಹುದು. ಅರ್ಧ ಜನ ಬೇರೆ ಬ್ರೋಕರ್‌ಗಳು. ಉಳಿದವರು 'ಲಾಸ್ಟ್ ಪ್ರೈಸ್ ಹೇಳಿ' ಅಂತ ಕೇಳಿ ಇಟ್ಟುಬಿಡುವವರು. ಆಮೇಲೆ ಫೇಸ್‌ಬುಕ್ ಬೂಸ್ಟ್, ದಿನಕ್ಕೆ ನಾನೂರು ರೂಪಾಯಿಯಂತೆ ಎರಡು ತಿಂಗಳು. ಬೆಂಗಳೂರಿನಿಂದ ಹದಿನೆಂಟು ಕುಟುಂಬ ತೋಟ ನೋಡಲು ಬಂದವು. ಎಲ್ಲರಿಗೂ ಕೋಕಂ ಪಾನಕ ಕೊಟ್ಟೆ. ಒಬ್ಬರೂ ಕೊಳ್ಳಲಿಲ್ಲ. ಡ್ರೋನ್ ವಿಡಿಯೋಗೆ ಹನ್ನೆರಡು ಸಾವಿರ ಹೋಯಿತು. ಅದನ್ನು ಅರವತ್ತು ಸಾವಿರ ಜನ ನೋಡಿದರು. ಕಮೆಂಟಿನಲ್ಲಿ ಮಾತ್ರ ಒಂದೇ ಪ್ರಶ್ನೆ, 'ಇದು ಯಾವ ಫಾಲ್ಸ್?'

ಆದರೆ ನನಗೆ ಬುದ್ಧಿ ಬಂದದ್ದು ಬೆಟ್ಟದಿಂದ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸರ್ಕಾರದವರು ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿರುತ್ತಾರೆ. ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ಅದು. ಮಾಲ್ಕಿ ಅಲ್ಲ, ಮನೆ ಕಟ್ಟುವ ಮಾತೇ ಇಲ್ಲ. ನಾನೊಬ್ಬ ಜಾಣ, ಎಕರೆ ಚಿಲ್ಲರೆ ತೋಟದ ಜಾಹೀರಾತಿಗೆ 'ಹತ್ತು ಎಕರೆ ಹಸಿರು' ಅಂತ ಹೆಡ್ಡಿಂಗ್ ಕೊಟ್ಟೆ. ಬೆಂಗಳೂರಿನ ಗಂಡ ಹೆಂಡತಿ ರಾತ್ರಿಯಿಡೀ ನಾನೂರು ಕಿಲೋಮೀಟರ್ ಕಾರು ಓಡಿಸಿ ಬಂದರು. ನೋಡಿದ ಕೂಡಲೇ ಒಂದು ಲಕ್ಷ ಟೋಕನ್ ಕೊಟ್ಟರು. ಬೆಟ್ಟದ ತುದಿಯಲ್ಲಿ ಎರಡು ಕಾಟೇಜ್ ಎಲ್ಲಿ ಬರಬೇಕು ಅಂತ ನನ್ನೆದುರೇ ಕೋಲಿನಲ್ಲಿ ಗುರುತು ಹಾಕಿದರು. ನಾನು ಬಾಯಿ ಬಿಡಲಿಲ್ಲ. ವಾರದ ನಂತರ ಅವರ ವಕೀಲರು ಪಹಣಿ ನೋಡಿದರು, ಮುಗಿಯಿತು. ಟೋಕನ್ ವಾಪಸು ಕೊಟ್ಟೆ. ಅವರ ಪೆಟ್ರೋಲು, ಹೋಟೆಲಿನ ಖರ್ಚು ಅಂತ ಇನ್ನೊಂದು ಹದಿನೈದು ಸಾವಿರವನ್ನೂ ಕೊಟ್ಟೆ. ಕೊಡದಿದ್ದರೂ ಆಗುತ್ತಿತ್ತು, ಆದರೆ ಆ ಹೆಂಗಸು ನೋಡಿದ ನೋಟ ಇನ್ನೂ ನೆನಪಿದೆ. ತೋಟದ ಯಜಮಾನರು ನನಗೆ ದೂರದ ನೆಂಟರು. ಜಗಲಿಯಲ್ಲಿ ಕೂರಿಸಿಕೊಂಡು ಒಂದೇ ಮಾತು ಹೇಳಿದರು: "ತಮಾ, ವಾಟ್ಸಾಪಲ್ಲಿ ಅಡಕೆ ರೇಟು ನೋಡಲಕ್ಕು, ತೋಟ ಮಾರಲಾಗ್ತಿಲ್ಲೆ."

ಅದಾದ ಮೇಲೆ ಎಲ್ಲ ಉಲ್ಟಾ ಮಾಡಿದೆ.

ಊರಿಗೆಲ್ಲ ಸಾರುವುದನ್ನು ಬಿಟ್ಟೆ. ಯಾರಿಗೆ ನಮ್ಮ ಮಳೆ, ಉಂಬಳ (ಜಿಗಣೆ), ಅಡಿಕೆಯ ಕೊಳೆ ರೋಗ ಎಲ್ಲ ಮೊದಲೇ ಗೊತ್ತೋ ಅವರು ಮಾತ್ರ ಸಾಕು ಅಂದುಕೊಂಡೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಹೋಗಿ ಬೆಂಗಳೂರು, ಪುಣೆ, ಮುಂಬೈಯಲ್ಲಿ ಇರುವವರು. ಅಪ್ಪನ ತೋಟದ ಪಕ್ಕದ ಹಿಸ್ಸೆ ಸಿಕ್ಕರೆ ಬೇಕು ಅನ್ನುವವರು. ಮೊದಲು ಸಾವಿರ ಜನರ ಒಂದು ದೊಡ್ಡ ಗುಂಪಿನಲ್ಲಿ ಜಾಹೀರಾತು ಹಾಕಿ ನೋಡಿದ್ದೆ. ಮೂರು ಗಂಟೆಯೊಳಗೆ ಅಡ್ಮಿನ್ ಹೊರಗೆ ಹಾಕಿದರು. ಆಮೇಲೆ ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಅದರಲ್ಲಿ 256 ಜನರ ಮಿತಿ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ! ಅಷ್ಟು ದಿನ ಗೋಡೆಗೆ ಹೇಳುತ್ತಿದ್ದೆ.

ಕೊನೆಗೆ ಸಣ್ಣ ಗುಂಪು ಮಾಡಿದೆ. ಸೇರಿಸುವ ಮೊದಲು ಫೋನಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಕೇಳಿದ ಕೂಡಲೇ ಕೊಳ್ಳುವವರು ಯಾರು, ಸುಮ್ನೆ ನೋಡುವವರು ಯಾರು ಅಂತ ಗೊತ್ತಾಗುತ್ತದೆ. ಆ ಪ್ರಶ್ನೆ ಇಲ್ಲಿ ಬರೆಯಲ್ಲ. ಕಾಪಿ ಹೊಡೆಯಲು ಚಹಾದಂಗಡಿಯಲ್ಲೇ ಮೂವರು ಕಾಯುತ್ತಿದ್ದಾರೆ.

ವಾರಕ್ಕೆ ಒಂದೇ ಪೋಸ್ಟ್, ಭಾನುವಾರ. ಮೊದಲ ಸಾಲು ಯಾವಾಗಲೂ ಐಬು. 'ಏಪ್ರಿಲ್‌ನಲ್ಲಿ ಹಳ್ಳ ಬತ್ತುತ್ತದೆ.' 'ದಾರಿ ಪಕ್ಕದವರ ಹಿಸ್ಸೆಯಲ್ಲಿ ಹೋಗುತ್ತದೆ, ಬರಹದಲ್ಲಿ ಇಲ್ಲ.' 'ಎಲೆಚುಕ್ಕಿ ರೋಗ ಬಂದಿದೆ.' 'ಬೆಟ್ಟ ನಿಮ್ಮದಾಗಲ್ಲ.' ಆಮೇಲೆ ಹೆಸರು ಮುಚ್ಚಿದ ಪಹಣಿ, ಹಿಸ್ಸೆ ಮಾರಲು ಬೇಕಾದ ಅಳತೆಯ 11ಇ ನಕ್ಷೆ ಆಗಿದೆಯೋ ಇಲ್ಲವೋ, ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇದೆಯೋ ಇಲ್ಲವೋ. ರೇಟು ಕೊನೆಯ ಸಾಲು. ವಿಡಿಯೋ ನನ್ನ ಮೊಬೈಲಿನದೇ, ನಲವತ್ತು ಸೆಕೆಂಡ್, ಆದಷ್ಟೂ ಮಳೆಯಲ್ಲಿ. ಡಾಂಬರು ರಸ್ತೆಯಿಂದ ತೋಟದ ಬಾಗಿಲಿನ ದಣಪೆವರೆಗೆ ನಡೆಯುತ್ತೇನೆ. ನೆಟ್‌ವರ್ಕ್ ಎಲ್ಲಿ ಹೋಗುತ್ತದೆ ಅಂತ ಹೇಳುತ್ತೇನೆ. ವರ್ಕ್ ಫ್ರಮ್ ಹೋಮ್‌ನವರಿಗೆ ಅಡಿಕೆ ಮರದ ಲೆಕ್ಕಕ್ಕಿಂತ ಇದು ಜಾಸ್ತಿ ಮುಖ್ಯ, ನಂಬಿ.

ಐಬು ಮೊದಲು ಹೇಳಿದ್ದರಿಂದ ನೋಡಲು ಬರುವವರು ಕಡಿಮೆಯಾದರು. ಆದರೆ ಮೊದಲು ಹದಿನೆಂಟಕ್ಕೆ ಸೊನ್ನೆ ಇದ್ದದ್ದು, ಈಗ ಐದು ಜನ ಬಂದರೆ ಒಂದು ಕೂಡಿಬರುತ್ತದೆ. ಚೌಕಾಸಿಯೂ ಕಡಿಮೆ. ತೆಗೆಯಲು ಅವರಿಗೆ ಹೊಸ ಐಬು ಉಳಿದಿರಬೇಕಲ್ವಾ?

ಮಧ್ಯೆ ಕಾಗದಪತ್ರದ ಮಾತನ್ನೂ ಹಾಕುತ್ತೇನೆ. ಬೇರೆ ಆದಾಯ ಜಾಸ್ತಿ ಇದ್ದವರು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಅನ್ನುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲೇ ಹೋದವು. ಆದರೂ ತಿಂಗಳಿಗೆ ನಾಲ್ಕು ಜನ ಅದನ್ನೇ ಕೇಳುತ್ತಾರೆ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದಾಗ, ಐವತ್ತು ಲಕ್ಷದ ಜಮೀನಿಗೆ ಐವತ್ತು ಸಾವಿರ ಜಾಸ್ತಿ ಅಂತ ಲೆಕ್ಕ ಬಿಡಿಸಿ ಹಾಕಿದೆ. ನನ್ನ ಯಾವ ತೋಟದ ಪೋಸ್ಟೂ ಅಷ್ಟು ಫಾರ್ವರ್ಡ್ ಆಗಿಲ್ಲ.

ಅಡ್ಡ ಪ್ರಯೋಗಗಳೂ ಆದವು. 2024ರ ಮಾರಿಕಾಂಬಾ ಜಾತ್ರೆಯಲ್ಲಿ ಕ್ಯೂಆರ್ ಕೋಡ್ ಇರುವ ಮೂರು ಸಾವಿರ ಚೀಟಿ ಹಂಚಿಸಿದೆ, ಏಳು ಸಾವಿರ ಖರ್ಚು. ಸ್ಕ್ಯಾನ್ ಮಾಡಿದವರು ನಲವತ್ತು ಜನ. ಉಳಿದವು ಮಂಡಕ್ಕಿ ಪೊಟ್ಟಣವಾದವು. ಕಾರವಾರದಲ್ಲಿ ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಗೆ ವರ್ಗವಾಗಿ ಬರುವವರಿಗೆ ಬಾಡಿಗೆ ಮನೆ ಗುಂಪು ಮಾಡಿದೆ. ಇದು ನಿಜವಾಗಿ ಓಡಿತು. ಒಂದು ತಿಂಗಳ ಬಾಡಿಗೆ ಕಮಿಷನ್, ಎಂಟು ಮನೆ ಕೊಡಿಸಿದೆ. ಆದರೆ ಪ್ರತಿ ಸಲ ಘಟ್ಟ ಇಳಿದು ನೂರು ಕಿಲೋಮೀಟರ್ ಮೇಲೆ ಹೋಗಬೇಕು. ಅಷ್ಟರಲ್ಲಿ ಮನೆ ಮಾಲಕರು ಗುಂಪಿನಲ್ಲಿ ನೇರವಾಗಿ ಮಾತಾಡಿಕೊಂಡಿರುತ್ತಿದ್ದರು. ಅಲ್ಲಿ ಯಾರಾದರೂ ಸ್ಥಳೀಯರು ಮಾಡಿದರೆ ಒಳ್ಳೆ ದುಡ್ಡಿದೆ. ಗೋಕರ್ಣದ ಕಡೆ ಕಡಲ ನೋಟದ ಜಾಗ ಅಂತ ಎರಡು ತಿಂಗಳು ಅಲೆದೆ. ಕಡಲ ತೀರದಲ್ಲಿ ಕಟ್ಟಡಕ್ಕೆ ನಿರ್ಬಂಧ ಇರುವ ಸಿಆರ್‌ಝಡ್ ವಲಯದ ನಕ್ಷೆ ಬಿಡಿಸಿದ ದಿನ ಕೈ ಬಿಟ್ಟೆ.

ಲೇಔಟ್‌ನವರು ಈಗ ಗುಂಪಿನಲ್ಲಿ ಜಾಹೀರಾತು ಹಾಕಲು ದುಡ್ಡು ಕೊಡುತ್ತೇವೆ ಅಂತ ಬರುತ್ತಾರೆ. ಮೊದಲು ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ನಂಬರ್ ಕೇಳುತ್ತೇನೆ. ಅರ್ಧ ಜನ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಗುಂಪು ನಡೆಸಲು ನನಗೆ ಬೀಳುವುದು ತಿಂಗಳ ರೀಚಾರ್ಜ್ ಮತ್ತು ಬೈಕಿನ ಪೆಟ್ರೋಲ್, ಎಲ್ಲ ಸೇರಿ ಮೂರು ಸಾವಿರ. ಕಮಿಷನ್ ಎರಡೂ ಕಡೆ ಒಂದೊಂದು ಪರ್ಸೆಂಟ್.

ಆ 'ಹತ್ತು ಎಕರೆ ಹಸಿರು' ತೋಟ ಕೊನೆಗೆ ಮೂವತ್ತೆಂಟು ಲಕ್ಷಕ್ಕೆ ಹೋಯಿತು. ಕೊಂಡವರು ಪುಣೆಯಲ್ಲಿರುವ ಪಕ್ಕದ ಕೇರಿಯ ಹುಡುಗ. ಮೊದಲ ಸಾಲು ಓದಿ, 'ಬೆಟ್ಟದ ವಿಷಯ ನಂಗೆ ಹೇಳ್ತೀರಾ?' ಅಂತ ನಕ್ಕಿದ್ದ.

ಹೋದ ವಾರ ಅದೇ ಯಜಮಾನರು ಫೋನ್ ಮಾಡಿದರು. ಅವರ ತಮ್ಮನ ಹಿಸ್ಸೆಯೂ ಮಾರಾಟಕ್ಕಿದೆ, ಗುಂಪಿಗೆ ಹಾಕಬೇಕಂತೆ. ಹೋಗಿ ನೋಡಿದೆ. ಹಳ್ಳ ದಾಟುವ ಸಂಕ (ಕಿರುಸೇತುವೆ) ಮುರಿದಿದೆ, ಮಳೆಗಾಲದಲ್ಲಿ ಗಾಡಿ ಹೋಗಲ್ಲ. ಬರೆದು ತೋರಿಸಿದೆ. "ಸಂಕದ್ದೊಂದು ಬಿಟ್ಟು ಹಾಕೋ ತಮಾ" ಅಂದರು. "ಸಂಕ ಹಾಕಿಸಿ ಮಾವ, ಆಗ ಬಿಡುತ್ತೇನೆ" ಅಂದೆ. ಭಾನುವಾರದವರೆಗೆ ಸಮಯ ಕೊಟ್ಟಿದ್ದೇನೆ.