ಪಾಲಕ್ ಎಲೆಯ ಎಲೆಕ್ಟ್ರಾನ್ ಓಟವನ್ನು ಕಾಲೇಜ್ ಲ್ಯಾಬಿನಲ್ಲೇ ಅಳೆಯುವುದು ಹೇಗೆ

ಎಲೆಗೆ ಬೆಳಕು ಬಿದ್ದರೆ ನೀರಿನಿಂದ ಎಲೆಕ್ಟ್ರಾನ್ ಕಿತ್ತು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಶುರುವಾಗುತ್ತದೆ ಅಂತ ಪಿಯುಸಿಯಲ್ಲೇ ಓದಿರುತ್ತೀರಿ, ಝಡ್ ಆಕಾರದ ಆ ಚಿತ್ರ ಬರೆದು ಅಂಕವನ್ನೂ ತಗೊಂಡಿರುತ್ತೀರಿ. ಅದನ್ನು ಅಳೆದು ನೋಡೋಕೆ ದುಬಾರಿ ಲೇಸರ್ ಬೇಕಿಲ್ಲ. ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ), ಒಂದು ಕಟ್ಟು ಪಾಲಕ್, ಡಿಸಿಪಿಐಪಿ ಅನ್ನುವ ನೀಲಿ ಬಣ್ಣ ಸಾಕು.

ಈ ಬಣ್ಣ 600 ನ್ಯಾನೋಮೀಟರ್ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎರಡು ಎಲೆಕ್ಟ್ರಾನ್ ಸಿಕ್ಕಿದರೆ ನೀಲಿ ಹೋಗಿ ನೀರಿನ ಹಾಗೆ ತಿಳಿಯಾಗುತ್ತದೆ. ಎಲೆಯಿಂದ ಬೇರ್ಪಡಿಸಿದ, ದ್ಯುತಿಸಂಶ್ಲೇಷಣೆ ನಡೆಯುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗೆ ಎಲೆಕ್ಟ್ರಾನ್ ತಗೊಳ್ಳುವ ಯಾವುದಾದರೂ ರಾಸಾಯನಿಕ ಕೊಟ್ಟರೆ, ಇಂಗಾಲದ ಡೈಆಕ್ಸೈಡ್ ಇಲ್ಲದೆಯೂ ಅದು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ ಅಂತ 1930ರ ದಶಕದಲ್ಲಿ ತೋರಿಸಿದವರು ರಾಬರ್ಟ್ ಹಿಲ್. ನಾವು ಮಾಡುವುದೂ ಅದನ್ನೇ, ಆಮ್ಲಜನಕದ ಬದಲು ಬಣ್ಣ ಅಳೆಯುತ್ತೇವೆ ಅಷ್ಟೇ.

ಮೊದಲು ಸೊಪ್ಪು. ತಾಜಾ ಪಾಲಕ್ ತಗೊಳ್ಳಿ, ರಾತ್ರಿಯಿಡೀ ಕತ್ತಲಲ್ಲಿ ತಂಪಾಗಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಹಗಲೆಲ್ಲ ಬಿಸಿಲುಂಡ ಎಲೆಯಲ್ಲಿ ಪಿಷ್ಟದ ಕಾಳು ಜಾಸ್ತಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಅವು ಕ್ಲೋರೋಪ್ಲಾಸ್ಟನ್ನು ಹರಿದುಬಿಡುತ್ತವೆ. ಬಸಳೆ ಬೇಡವೇ ಬೇಡ, ಲೋಳೆಯಿಂದ ಸೋಸೋಕೇ ಆಗಲ್ಲ.

ದಂಟು, ನಡುನರ ತೆಗೆದ ಎಲೆ 25 ಗ್ರಾಂ, ಐಸ್‌ನಲ್ಲಿಟ್ಟ ದ್ರಾವಣ 100 ಮಿಲಿ. ದ್ರಾವಣದಲ್ಲಿ 0.4 ಮೋಲಾರ್ ಸಕ್ಕರೆ, 50 ಮಿಲಿಮೋಲಾರ್ ಟ್ರಿಸ್ (ಪಿಎಚ್ ಬದಲಾಗದಂತೆ ಕಾಯುವ ಬಫರ್), 10 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರಲಿ, ಪಿಎಚ್ 7.5. ಮಿಕ್ಸಿಯಲ್ಲಿ ಮೂರು ನಾಲ್ಕು ಸೆಕೆಂಡಿನಂತೆ ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. ಚಟ್ನಿ ಮಾಡಬೇಡಿ, ತರಿತರಿಯಾಗಿದ್ದರೆ ಸಾಕು. ಎಂಟು ಪದರ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, 200 ಜಿಯಲ್ಲಿ ಒಂದು ನಿಮಿಷ ತಿರುಗಿಸಿ ಕಸ ಕೂರಿಸಿ, ಮೇಲಿನ ಹಸಿರು ನೀರನ್ನು ಬೇರೆ ಟ್ಯೂಬಿಗೆ ಹಾಕಿ 1500 ಜಿಯಲ್ಲಿ ಹತ್ತು ನಿಮಿಷ ತಿರುಗಿಸಿ. ಜಿ ಅಂದರೆ ಗುರುತ್ವದ ಎಷ್ಟು ಪಟ್ಟು ಬಲ ಅಂತ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ, ನೆನಪಿರಲಿ. ನಿಮ್ಮ ರೋಟರ್ ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ 1500 ಜಿಗೆ ಸುಮಾರು 3660 ಆರ್‌ಪಿಎಂ ಬೇಕು.

ತಳದಲ್ಲಿ ಕೂತ ಹಸಿರು ಮುದ್ದೆಯನ್ನು ಪಿಪೆಟ್‌ನಿಂದ ಜೋರಾಗಿ ಕಲಕಬೇಡಿ. ಚಿತ್ರ ಬರೆಯುವ ಮೆತ್ತನೆಯ ಬ್ರಷ್ ತಗೊಂಡು, ಒಂದೆರಡು ಹನಿ ತಣ್ಣನೆಯ ದ್ರಾವಣ ಹಾಕಿ ನಿಧಾನಕ್ಕೆ ಬಿಡಿಸಿ. ಆಮೇಲೆ ಇನ್ನಷ್ಟು ದ್ರಾವಣ ಸೇರಿಸಿ ಒಮ್ಮೆ ತೊಳೆದು, ಮತ್ತೆ ತಿರುಗಿಸಿ, ಸ್ವಲ್ಪವೇ ದ್ರಾವಣದಲ್ಲಿ ಕದಡಿ, ಐಸ್ ಮೇಲೆ ಕತ್ತಲಲ್ಲಿಡಿ. ಈ ತೊಳೆಯುವ ಹಂತ ಬಿಡಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಕ್ಲೋರೋಫಿಲ್ ಎಷ್ಟಿದೆ ನೋಡಿ. 0.05 ಮಿಲಿ ಹಸಿರಿಗೆ 80% ಅಸಿಟೋನ್ 4.95 ಮಿಲಿ ಹಾಕಿ, ತಿರುಗಿಸಿ, ಮೇಲಿನ ತಿಳಿಯನ್ನು 652 ನ್ಯಾನೋಮೀಟರ್‌ನಲ್ಲಿ ಓದಿ. ರೀಡಿಂಗನ್ನು 34.5ರಿಂದ ಭಾಗಿಸಿದರೆ ಆ ತಿಳಿಯಲ್ಲಿ ಮಿಲಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತದೆ, ಅದನ್ನು 100ರಿಂದ ಗುಣಿಸಿ. ಉಳಿದ ತಿಳಿಯನ್ನು ಚೆಲ್ಲುವ ಮುಂಚೆ ಕತ್ತಲಲ್ಲಿ ನೀಲಿ ಎಲ್‌ಇಡಿ ಟಾರ್ಚ್ ಹಿಡಿದು ನೋಡಿ, ಹಸಿರು ದ್ರವ ಕಡುಗೆಂಪಾಗಿ ಹೊಳೆಯುತ್ತದೆ. ಎಲೆಕ್ಟ್ರಾನ್ ದಾಟಿಸಲು ಅಲ್ಲಿ ಪಕ್ಕದಲ್ಲಿ ಯಾರೂ ಇಲ್ಲ, ಹಾಗಾಗಿ ಹೀರಿದ ಶಕ್ತಿಯಲ್ಲಿ ಒಂದಿಷ್ಟು ಕೆಂಪು ಬೆಳಕಾಗಿ ಹೊರಬರುತ್ತದೆ.

ಅಸಲಿ ಪ್ರಯೋಗ: 3 ಮಿಲಿ ದ್ರಾವಣದಲ್ಲಿ ಡಿಸಿಪಿಐಪಿ 40 ಮೈಕ್ರೋಮೋಲಾರ್, ಕ್ಲೋರೋಫಿಲ್ 30 ಮೈಕ್ರೋಗ್ರಾಂ ಬರುವಷ್ಟು ಹಸಿರು. ಮೀಟರನ್ನು ಸೊನ್ನೆಗೆ ತರಲು ಇಡುವ ಬ್ಲ್ಯಾಂಕ್‌ನಲ್ಲಿ ಹಸಿರು ಇರಲಿ, ನೀಲಿ ಬೇಡ. ಬರೀ ಬಫರ್ ಇಟ್ಟರೆ ಕ್ಲೋರೋಪ್ಲಾಸ್ಟ್ ಚದುರಿಸುವ ಬೆಳಕೂ ಲೆಕ್ಕಕ್ಕೆ ಬಂದುಬಿಡುತ್ತದೆ. ಬಲ್ಬ್ ಮತ್ತು ಕ್ಯೂವೆಟ್ (ರೀಡಿಂಗಿಗೆ ದ್ರಾವಣ ಹಾಕುವ ಪುಟ್ಟ ಪಾತ್ರೆ) ಮಧ್ಯೆ ನೀರು ತುಂಬಿದ ಬೀಕರ್ ಇಡಿ, ಶಾಖ ತಡೆಯುತ್ತದೆ. 30 ಸೆಕೆಂಡ್ ಬೆಳಕು, ತಕ್ಷಣ 600ರಲ್ಲಿ ರೀಡಿಂಗ್, ಮತ್ತೆ ಬೆಳಕು.

ನಿಮಿಷಕ್ಕೆ ರೀಡಿಂಗ್ 0.21 ಇಳಿಯಿತು ಅಂದುಕೊಳ್ಳಿ. ಒಂದು ಮಿಲಿಮೋಲಾರ್ ಬಣ್ಣಕ್ಕೆ ರೀಡಿಂಗ್ 21 ಅನ್ನುವ ಗುಣಾಂಕದಿಂದ ಭಾಗಿಸಿದರೆ 10 ಮೈಕ್ರೋಮೋಲಾರ್, 3 ಮಿಲಿಯಲ್ಲಿ 30 ನ್ಯಾನೋಮೋಲ್. ಗಂಟೆಗೆ, ಮಿಲಿಗ್ರಾಂ ಕ್ಲೋರೋಫಿಲ್‌ಗೆ 60 ಮೈಕ್ರೋಮೋಲ್ ಬಣ್ಣ, ಅಂದರೆ 120 ಮೈಕ್ರೋಮೋಲ್ ಎಲೆಕ್ಟ್ರಾನ್. ಈ 21 ಒಂದು ಸೆಂಟಿಮೀಟರ್ ಕ್ಯೂವೆಟ್‌ಗೆ ಮಾತ್ರ. ಟೆಸ್ಟ್ ಟ್ಯೂಬ್ ಹಾಕುವ ಕಲರಿಮೀಟರ್ ಆದರೆ ನೀವೇ ಸ್ಟ್ಯಾಂಡರ್ಡ್ ಗ್ರಾಫ್ ಎಳೆಯಬೇಕು.

ಆದರೆ ಬಣ್ಣ ಹೋಯಿತು ಅಂದ ಮಾತ್ರಕ್ಕೆ ದ್ಯುತಿಸಂಶ್ಲೇಷಣೆ ಕಂಡಿತು ಅನ್ನೋಕಾಗಲ್ಲ. ಒಂದು ಹನಿ ನಿಂಬೆರಸ ಹಾಕಿದರೂ ಡಿಸಿಪಿಐಪಿ ಬಣ್ಣ ಬಿಡುತ್ತದೆ, ಅದರಲ್ಲಿರುವ ವಿಟಮಿನ್ ಸಿ ಸಾಕು. ಪಾಲಕ್ ರಸದಲ್ಲೂ ಅದೇ ವಿಟಮಿನ್ ಸಿ ಇದೆ ಅಲ್ವಾ, ಅದಕ್ಕೇ ತೊಳೆಯಿರಿ ಅಂದಿದ್ದು. ಹಾಗಾಗಿ ಇನ್ನೂ ಮೂರು ಟ್ಯೂಬ್ ಕಡ್ಡಾಯ. ಒಂದಕ್ಕೆ ಫಾಯಿಲ್ ಸುತ್ತಿ ಕತ್ತಲಲ್ಲಿಡಿ. ಇನ್ನೊಂದಕ್ಕೆ ಐದು ನಿಮಿಷ ಕುದಿಸಿದ ಹಸಿರು ಹಾಕಿ. ಮೂರನೆಯದಕ್ಕೆ ಕಳೆನಾಶಕ ಡಿಸಿಎಂಯು, 10 ಮೈಕ್ರೋಮೋಲಾರ್.

ನನಗೆ ಇಷ್ಟವಾದದ್ದು ಈ ಮೂರನೆಯದೇ. ನೀರಿನಿಂದ ಎಲೆಕ್ಟ್ರಾನ್ ಕೀಳುವ ಎರಡನೇ ದ್ಯುತಿವ್ಯವಸ್ಥೆಯಲ್ಲಿ ಎಲೆಕ್ಟ್ರಾನ್ ಕ್ಯೂಎ ಅನ್ನುವ ಅಣುವಿನಿಂದ ಕ್ಯೂಬಿ ಅನ್ನುವ ಅಣುವಿಗೆ ದಾಟುತ್ತದೆ. ಡಿಸಿಎಂಯು ಆ ಕ್ಯೂಬಿ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಕ್ಯೂಎವರೆಗೆ ಬಂದ ಎಲೆಕ್ಟ್ರಾನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಬಲ್ಬ್ ಉರಿಯುತ್ತಿದ್ದರೂ ನೀಲಿ ಹಾಗೇ ನಿಲ್ಲುತ್ತದೆ. ಇದು ನೀರಿನಲ್ಲಿ ಸರಿಯಾಗಿ ಕರಗದು, ಎಥನಾಲ್‌ನಲ್ಲಿ ಕರಗಿಸಿ, ಅಷ್ಟೇ ಎಥನಾಲನ್ನು ಉಳಿದ ಟ್ಯೂಬುಗಳಿಗೂ ಹಾಕಿ. ಇಲ್ಲದಿದ್ದರೆ ತಡೆದದ್ದು ಡಿಸಿಎಂಯುನೋ ಎಥನಾಲೋ ಅಂತ ಯಾರಾದರೂ ಕೇಳಿದರೆ ಉತ್ತರ ಇರಲ್ಲ.

ಬಣ್ಣ ನೀಲಿಯ ಬದಲು ಗುಲಾಬಿಗೆ ತಿರುಗಿದರೆ ಎಲೆಕ್ಟ್ರಾನ್ ಬಂತು ಅಂತ ಖುಷಿಪಡಬೇಡಿ, ದ್ರಾವಣ ಹುಳಿಯಾಗಿದೆ, ಪಿಎಚ್ ನೋಡಿ. ಎಲ್ಲ ಸರಿಯಾಗಿ ಬಂದರೆ ಇನ್ನೊಂದು ಟ್ಯೂಬಿಗೆ 5 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಹಾಕಿ ನೋಡಿ. ಕ್ಲೋರೋಪ್ಲಾಸ್ಟ್ ಒಳಗಿನ ಪೊರೆಯಲ್ಲಿ ಪ್ರೋಟಾನ್ ಒತ್ತಡ ಕಟ್ಟಿಕೊಂಡು ಓಟವನ್ನು ನಿಧಾನಿಸುತ್ತದೆ, ಇದು ಆ ಒತ್ತಡ ಕಟ್ಟಿಕೊಳ್ಳಲು ಬಿಡದ ಕಾರಣ ಎಲೆಕ್ಟ್ರಾನ್ ಓಟ ಜೋರಾಗಿ, ರೀಡಿಂಗ್ ಬೇಗ ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಪೊರೆ ಮೊದಲೇ ಸೋರುತ್ತಿದೆ ಅಂತಿಟ್ಟುಕೊಳ್ಳಿ, ಹೆಚ್ಚಾಗಿ ಮಿಕ್ಸಿ ಅತಿಯಾಗಿರುತ್ತದೆ ಇಲ್ಲವೇ ಐಸ್ ಕರಗಿರುತ್ತದೆ. ಡಿಸಿಎಂಯು ಹಾಕಿದ ಟ್ಯೂಬನ್ನು ಮಾತ್ರ ಸಿಂಕಿಗೆ ಸುರಿಯಬೇಡಿ, ಬೇರೆ ಬಾಟಲಿಯಲ್ಲಿ ಹಾಕಿ ಲೇಬಲ್ ಅಂಟಿಸಿ.